ಎಂಟು ಫೂಟಿನ ಹುಲಿ

ಮದುವೆಯಾದಾಗ ನಮ್ಮವರು ಬರೀ ಸೈಕಲ್ ಅಂಗಡಿ ಭೀಮಶ್ಯಾ. ಹುಲಿಯಾದದ್ದು ಆಮೇಲೆ.

ನಮ್ಮ ಮಗಳಿಗೆ ವರ್ಷ ತುಂಬುವ ಮೊದಲು ಜ್ವರ ನೆತ್ತಿಗೇರಿತ್ತು. ಕೂಸು ಹಾಲು ಬಿಟ್ಟು, ಕಣ್ಣು ಮೇಲೆ ಮಾಡಿ ಮಲಗಿತ್ತು. ಡಾಕ್ಟರು ಸೂಜಿ ಚುಚ್ಚಿ ‘ನೋಡೋಣ’ ಅಂದಿದ್ದರು. ಆಗ ನನ್ನ ಅತ್ತೆ ಚಂದಮ್ಮ ಮುಧೋಳದ ಅಲಾಯಿ ಪೀರನ ಮುಂದೆ ಸೆರಗೊಡ್ಡಿ, “ಕೂಸಿನ ಉಳಸು ತಂದೆ, ನನ್ನ ಮಗ ಐದು ವರ್ಷ ಮೊಹರಂದಾಗ ನಿನ್ನ ಮುಂದ ಹುಲಿಯಾಗಿ ಕುಣೀತಾನ” ಅಂತ ಹರಕೆ ಹೊತ್ತರು. ನಾವು ಲಿಂಗ ಕಟ್ಟುವವರು. ಆದರೆ ನಮ್ಮ ಕಡೆ ಪೀರನಿಗೆ ಹರಕೆ ಹೊರುವಾಗ ಯಾರೂ ಯಾರನ್ನೂ ಕೇಳುವುದಿಲ್ಲ. ಕುಣಿಯಬೇಕಾದ ಮಗನನ್ನೂ ಕೇಳಲಿಲ್ಲ. ಕೂಸು ಉಳಿಯಿತು, ನಮ್ಮವರು ಹುಲಿಯಾದರು.

ನಮ್ಮೂರು ಸೇಡಂನಿಂದ ಮುಧೋಳಕ್ಕೆ ಹೋಗುವ ರಸ್ತೆಯ ಮೇಲಿದೆ; ಮುಧೋಳ ಇಲ್ಲಿಂದ ಒಂದು ಹರದಾರಿ. ಮೊಹರಂ ಐದನೇ ದಿನ ಬೋರ್ಡು ಬರೆಯುವ ಚಾಂದ್ ಬಂದು, ಅಂಗಡಿ ಬೋರ್ಡಿಗೆ ಹಚ್ಚಿ ಉಳಿದ ಹಳದಿ ಬಣ್ಣವನ್ನು ನಮ್ಮವರ ಮೈಗೆಲ್ಲ ಬಳಿದು, ಕಪ್ಪು ಪಟ್ಟೆ ಎಳೆಯುತ್ತಿದ್ದ. ಕೈಗೆ ಗೋಣಿಚೀಲದಲ್ಲಿ ಹತ್ತಿ ತುಂಬಿ ಹೊಲಿದ ಪಂಜಾ. ಹಿಂದೆ ಸೆಣಬಿನ ಬಾಲ, ಅದರ ತುದಿ ಬಿಚ್ಚದಂತೆ ನಾನೇ ಸುತ್ತಿದ ಕೆಂಪು ದಾರ. ಹತ್ತನೇ ದಿನ ಪೀರಗಳು ದಫನ್ ಆಗಿ ಹಬ್ಬ ಮುಗಿಯುವ ತನಕ ಹುಲಿ ಸ್ನಾನ ಮಾಡುವಂತಿಲ್ಲ, ಚಪ್ಪಲಿ ಮೆಟ್ಟುವಂತಿಲ್ಲ, ದಿನಾ ಮುಧೋಳಕ್ಕೆ ಹೋಗಿ ಅಲಾಯಿ ಕುಣಿಯ ಬೆಂಕಿಯ ಸುತ್ತ ಕುಣಿದು ಬರಬೇಕು. ಮೊದಲ ವರ್ಷ ಬಸ್ಸಿನಲ್ಲೇ ಹೋಗಿದ್ದರು. ಪಕ್ಕದಲ್ಲಿ ಕುಳಿತ ಹೆಣ್ಣುಮಕ್ಕಳ ಸೀರೆಗೆಲ್ಲ ಪಟ್ಟೆ ಮೂಡಿದ ಮೇಲೆ ಕಂಡಕ್ಟರ್ ಗುಲಾಮ ದಸ್ತಗೀರ ಕೈಮುಗಿದು, “ಭೀಮಶ್ಯಾ, ನೀ ಮನುಷ್ಯಾ ಆದ ಮ್ಯಾಲ ಬಾರಪ್ಪ” ಅಂದುಬಿಟ್ಟ. ಅಂದಿನಿಂದ ಹುಲಿ ನಡೆದೇ ಹೋಗಿ ನಡೆದೇ ಬರುತ್ತಿತ್ತು.

ಇನ್ನು ನಮ್ಮವರ ಪೇಪರಿನ ಹುಚ್ಚು ಹೇಳಬೇಕು. ಗುಲ್ಬರ್ಗದಲ್ಲಿ ಅಚ್ಚಾಗುವ ಪೇಪರೊಂದು ಮುಂಜಾನೆ ಬಸ್ಸಿಗೆ ಅಂಗಡಿಗೆ ಬರುತ್ತಿತ್ತು. ಅದರಲ್ಲಿದ್ದದ್ದೆಲ್ಲ ಅವರಿಗೆ ವೇದ. ದಿನಭವಿಷ್ಯದಲ್ಲಿ ‘ದಕ್ಷಿಣ ದಿಕ್ಕಿನ ಪ್ರಯಾಣ ಬೇಡ’ ಅಂತ ಬಂದ ದಿನ ಅವರು ಸ್ನಾನ ಮಾಡಲಿಲ್ಲ, ಯಾಕೆಂದರೆ ನಮ್ಮ ಬಚ್ಚಲು ದಕ್ಷಿಣಕ್ಕಿದೆ. ಬೊಕ್ಕ ತಲೆಗೆ ಕೂದಲು ತರಿಸುವ ಎಣ್ಣೆಯ ಜಾಹೀರಾತು ನೋಡಿ ಎರಡು ಬಾಟಲಿ ತರಿಸಿದರು. ಒಂದು ತಲೆಗೆ ಹೋಯಿತು, ಏನೂ ಬೆಳೆಯಲಿಲ್ಲ. ಇನ್ನೊಂದನ್ನು ನಾನು ಸೈಕಲ್ ಚೈನಿಗೆ ಹಾಕಿದೆ, ಚೈನು ಛಲೋ ಓಡಿತು. ನಾನು ಏನಾದರೂ ವಾದಕ್ಕೆ ನಿಂತರೆ “ಪೇಪರಿನಾಗ ಬಂದದ” ಅನ್ನುತ್ತಿದ್ದರು. ಅಲ್ಲಿಗೆ ಮಾತು ಮುಗಿಯಿತು. ನನಗೆ ಮೈಯೆಲ್ಲ ಉರಿಯುತ್ತಿತ್ತು, ಆದರೆ ಅಚ್ಚಾದ ಅಕ್ಷರದ ಮುಂದೆ ನನಗೂ ಬಾಯಿ ಬರುತ್ತಿರಲಿಲ್ಲ.

ಅದು ಐದನೇ ವರ್ಷ, ಹರಕೆಯ ಕೊನೆಯ ವರ್ಷ. ತೊಗರಿ ಆಳೆತ್ತರ ನಿಂತಿತ್ತು. ಮೊಹರಂ ಆರನೇ ದಿನ ಸಂಜೆ ನಮ್ಮವರು ಮುಧೋಳದಿಂದ ಬಂದವರೇ ಗೋಡೆಗೆ ಒರಗದೆ ಕುಳಿತರು, ಬಣ್ಣ ಹತ್ತುತ್ತದಲ್ಲ. “ಏ ನೀಲಾ, ದಾರ್ಯಾಗ ಹಳ್ಳದ ಬಲ್ಲಿ ಯಾರೋ ಒಬ್ಬಾಕಿ ಹೆಣ್ಣುಮಗಳು ಕಿಟಾರನೆ ಚೀರಿ, ಬುಟ್ಟಿ ಒಗದು ಓಡಿದಳು ನೋಡು. ನಾ ನೀರು ಕುಡ್ಯಾಕತ್ತಿದ್ದೆ. ಏನು ನೋಡಿ ಹೆದರಿದಳೋ ಪಾಪ” ಅಂದರು. ಕೈಗೆ ಪಂಜಾ ಕಟ್ಟಿದ್ದರಿಂದ ಬೊಗಸೆ ಹಿಡಿಯಲು ಬರುತ್ತಿರಲಿಲ್ಲ. ಅವರು ಬಗ್ಗಿ ಬಾಯಿ ಹಚ್ಚಿಯೇ ನೀರು ಕುಡಿಯುತ್ತಿದ್ದರು. ಬಾಲದ ತುದಿ ಜಾಲಿಮುಳ್ಳಿಗೆ ಸಿಕ್ಕಿ ಹರಿದಿತ್ತು. ನಾನು ಬೇರೆ ಸೆಣಬು ಕಟ್ಟಿ ಬಾಲ ಉದ್ದ ಮಾಡಿದೆ.

ಎಂಟನೇ ದಿನ ಮುಂಜಾನೆ ಪೇಪರು ಬಂತು. ‘ಮುಧೋಳ ರಸ್ತೆಯಲ್ಲಿ ನರಭಕ್ಷಕ ಹುಲಿ! ಎರಡು ಆಡು ಬಲಿ.’ ಕೆಳಗೆ ಸಣ್ಣ ಅಕ್ಷರದಲ್ಲಿ, ಸುಮಾರು ಎಂಟು ಅಡಿ ಉದ್ದದ ಹುಲಿಯೊಂದು ಸಂಜೆ ಹಳ್ಳದಲ್ಲಿ ನೀರು ಕುಡಿಯುತ್ತಿದ್ದುದು ಕಂಡುಬಂದಿದ್ದು, ಅದು ಕುಂಚಾವರಂ ಕಾಡಿನಿಂದ ಬಂದಿರುವುದಾಗಿ ತಿಳಿದುಬಂದಿದೆ ಅಂತ ಇತ್ತು.

ನಿಮಗೆ ನಗು ಬಂದಿರಬೇಕು. ನಗಿರಿ. ಆಗ ನಮ್ಮ ಮನೆಯಲ್ಲಿ ಯಾರೂ ನಗಲಿಲ್ಲ. ಮೈತುಂಬ ಹಳದಿ ಬಳಿದುಕೊಂಡು, ಬಾಲವನ್ನು ಹೆಗಲ ಮೇಲೆ ಹಾಕಿಕೊಂಡು ಕುಳಿತಿದ್ದ ನನ್ನ ಗಂಡ ಆ ಸುದ್ದಿ ಓದಿ ಬೆವರಿಬಿಟ್ಟರು.

“ನೀಲಾ! ಆಕಿ ಚೀರಿದ್ದು ಇದಕ್ಕೇ! ಹುಲಿ ಅಲ್ಲೇ ಇತ್ತು! ನಾ ನೀರು ಕುಡಿವಾಗ ಅದು ನನ್ನ ಬೆನ್ನ ಹಿಂದೇ ನಿಂತಿತ್ತು!”

ನಾನೂ ನಂಬಿದೆ. ಅತ್ತೆ ದೀಪ ಹಚ್ಚಿ ಪೀರನಿಗೂ ಬಸವಣ್ಣನಿಗೂ ಒಟ್ಟಿಗೆ ಕೈಮುಗಿದರು. ನಮ್ಮವರು ಒಳಗೆ ಹೋಗಿ ಬಾಗಿಲಿಗೆ ಅಗಳಿ ಹಾಕಿ, ಅದಕ್ಕೆ ಒರಳುಕಲ್ಲು ಉರುಳಿಸಿಟ್ಟರು. ಊರಲ್ಲಿ ಯಾರೂ ಹೊಲಕ್ಕೆ ಹೋಗಲಿಲ್ಲ. ಸಾಲಿಗೆ ರಜೆ ಬಿಟ್ಟರು. ರೇಡಿಯೋದಾಗೂ ಬಂತಂತ ಅಂತ ಎಲ್ಲರೂ ಹೇಳಿದರು. ಊರಲ್ಲಿದ್ದದ್ದು ಒಂದೇ ರೇಡಿಯೋ, ಅದರ ಸೆಲ್ಲು ಮುಗಿದು ವಾರವಾಗಿತ್ತು.

ಅಂದು ಹುಲಿ ಮುಧೋಳಕ್ಕೆ ಹೋಗಲಿಲ್ಲ. ಸಂಜೆ ಅತ್ತೆ ಬಾಗಿಲ ಹೊರಗೆ ನಿಂತು ಅತ್ತರು. “ನಾಡದ ದಫನ್ ಅದ. ನೀ ಹೋಗಲಿಲ್ಲಂದ್ರ ಐದು ವರ್ಷದ ಹರಕಿ ನೀರಾಗ ಹೋಗತದ. ಪೀರ ಮುನದು ಕೂಸಿಗೆ ಏನಾರ ಆದರ?”

ಒಳಗಿನಿಂದ ಹುಲಿ ಹೇಳಿತು: “ಪೀರ ದೊಡ್ಡವ, ಖರೆ. ಆದರ ಹುಲಿ ಸನೇದಾಗ ಅದ.”

ನನಗೆ ಅಳು ಬಂತು. ಮಗಳು ಅಂಗಳದಲ್ಲಿ ಬಾಲದ ಹಳೆ ಸೆಣಬು ಹಿಡಿದು ಆಡುತ್ತಿದ್ದಳು. ಆ ಜ್ವರದ ದಿನ ಅವಳ ಕೈ ಹೇಗೆ ಸುಡುತ್ತಿತ್ತು ಅನ್ನುವುದು ನನಗೆ ಇವತ್ತಿಗೂ ಮರೆತಿಲ್ಲ. ಹರಕೆ ತಪ್ಪಬಾರದು, ಗಂಡನೂ ಹುಲಿ ಬಾಯಿಗೆ ಬೀಳಬಾರದು. ಆ ಹುಲಿ ಎಲ್ಲಿದೆ, ಯಾವ ಹೊತ್ತಿಗೆ ತಿರುಗುತ್ತದೆ ಅಂತ ಗೊತ್ತಾದರೆ ಹೇಗಾದರೂ ತಪ್ಪಿಸಿಕೊಂಡು ಹೋಗಬಹುದು ಅಂತ ನನ್ನ ಲೆಕ್ಕ. ಒಂಬತ್ತನೇ ದಿನ ಮುಂಜಾನೆ ಆ ಹುಲಿ ಸುದ್ದಿಯ ಪೇಪರು ಕಂಕುಳಲ್ಲಿ ಇಟ್ಟುಕೊಂಡು ಸೇಡಂ ಬಸ್ಸು ಹತ್ತಿದೆ.

ಸೇಡಂನಲ್ಲಿ ಪಾಟಿ, ಪುಸ್ತಕ, ವಿಭೂತಿ ಮಾರುವ ಅಂಗಡಿಯ ರೇವಣಸಿದ್ದಯ್ಯನವರೇ ಆ ಪೇಪರಿಗೆ ಸುದ್ದಿ ಕಳಿಸುತ್ತಿದ್ದರು. ಒಳ್ಳೆಯವರು. ಚಹಾ ತರಿಸಿದರು.

“ಅಯ್ಯನವರ, ‘ತಿಳಿದುಬಂದಿದೆ’ ಅಂತ ಬರದೀರಲ್ಲ, ಯಾರಿಗೆ ತಿಳದು ಬಂತು?” ಅಂದೆ.

“ನನಗ.”

“ನಿಮಗ ಯಾರು ಹೇಳಿದ್ರು?”

“ನಂಬಲರ್ಹ ಮೂಲ.”

“ಆ ಮೂಲಕ್ಕ ಹೆಸರಿಲ್ಲೇನ್ರಿ?”

ಅಯ್ಯನವರು ಚಹಾ ಊದಿದರು. “ನಿಮ್ಮ ಬಸ್ಸಿನ ಕಂಡಕ್ಟರ್ ದಸ್ತಗೀರ.”

“ಎಂಟು ಫೂಟು ಅಂತ ಅವರೇ ಅಳದು ಹೇಳಿದ್ರೇನು?”

“ಅದು ನಂದು ತಂಗಿ. ಏಳು ಅಂದ್ರ ಸಣ್ಣದಾಗತದ. ಒಂಬತ್ತು ಅಂದ್ರ ಯಾರೂ ನಂಬಂಗಿಲ್ಲ.”

“ಆಡು?”

“ಹುಲಿ ಅಂದ ಮ್ಯಾಲ ಏನಾರ ತಿಂದಿರಬೇಕಲ್ಲ? ಮನುಷ್ಯಾರು ಅಂತ ಬರದ್ರ ಹೆಸರು ಕೇಳ್ತಾರ. ಆಡಿನ ಹೆಸರು ಯಾರು ಕೇಳ್ತಾರ?”

“ಮತ್ತ ನರಭಕ್ಷಕ ಅಂತ ಬಂದದಲ್ರಿ!”

“ಅದು ಹೆಡ್ಡಿಂಗ. ಅದನ್ನ ಗುಲ್ಬರ್ಗದಾಗ ಕುಂತು ಹಾಕ್ತಾರ” ಅಂದರು ಅಯ್ಯನವರು, ತಮಗೂ ಅದಕ್ಕೂ ಸಂಬಂಧವಿಲ್ಲ ಅನ್ನುವಂತೆ. ಮತ್ತೆ ಪೆನ್ನು ತೆಗೆದು, “ನಿಮ್ಮೂರಾಗ ಜನ ಹ್ಯಾಂಗ ಹೆದರ್ಯಾರ ಹೇಳು, ನಾಳಿಗೆ ಬರೀಬೇಕು” ಅಂದರು. ನಾನು ಚಹಾ ಅಲ್ಲೇ ಬಿಟ್ಟು ಎದ್ದೆ. ಇಷ್ಟು ವರ್ಷ ಬಚ್ಚಲು, ಎಣ್ಣೆ ಅಂತ ನನ್ನ ತಲೆ ತಿಂದ ಪೇಪರಿನ ಹಿಂದೆ ಇಂಥದೊಂದು ಅಂಗಡಿ ಇತ್ತು ನೋಡಿ!

ಮರಳಿ ಬರುವ ಬಸ್ಸಿನಲ್ಲಿ ದಸ್ತಗೀರನನ್ನು ಹಿಡಿದೆ. “ಅಣ್ಣಾ, ಹುಲಿ ನೀವು ನೋಡೀರೇನು?”

“ನಾ ಎಲ್ಲಿ ನೋಡ್ಲಿ ತಂಗಿ? ಮುಧೋಳದ ಜೈತುನ್ಬೀ ಮುದುಕಿ ಹಳ್ಳದ ಬಲ್ಲಿ ಓಡಿ ಬಂದು ಬಸ್ಸು ಹತ್ತಿದಳು. ಏನೋ ನೋಡಿ ಹೆದರ್ಯಾಳ, ಕಾಡಿನ ಜನಾವರ ಇರಬೇಕು ಅಂತ ಅಯ್ಯನವರ ಮುಂದ ಅಂದೆ, ಅಷ್ಟೇ. ನಾ ಹುಲಿ ಅಂದೇ ಇಲ್ಲ.” ಟಿಕೀಟು ಹರಿದು ಕೊಟ್ಟು ಮತ್ತೆ ಹೇಳಿದ: “ಆದರ ಈಗ ಹುಲೀನೇ ಬಿಡು. ಪೇಪರಿನಾಗ ಬಂದದಲ್ಲ.”

ನಮ್ಮೂರಲ್ಲಿ ಇಳಿಯದೆ ಮುಧೋಳಕ್ಕೇ ಹೋದೆ. ಜೈತುನ್ಬೀ ಮನೆಯಲ್ಲಿ ಮೊಹರಂದ ಸಿಹಿ ಚೊಂಗೆ ಕರಿಯುತ್ತಿದ್ದಳು. ಒಂದು ನನ್ನ ಕೈಗಿಟ್ಟು ಕೂರಿಸಿದಳು.

“ಖಾಲಾ, ನೀವು ನೋಡಿದ್ದು ಹುಲೀನೇ ಏನು?”

“ಹಳದಿದು ಏನೋ ಬಗ್ಗಿ ನೀರು ಕುಡ್ಯಾಕತ್ತಿತ್ತು ಬೇಟಿ. ನನ್ನ ಕಣ್ಣಾಗ ಮೋತಿಬಿಂದು, ಎಲ್ಲಾ ಮಬ್ಬು. ಹುಲಿಯೋ, ಹೋರಿಯೋ, ಯಾರಾರ ಹಾಸಿಗಿ ತೊಳ್ಯಾಕತ್ತಾರೋ ಅಂತ ಎರಡು ದಿನ ವಿಚಾರ ಮಾಡ್ದೆ. ಆಮ್ಯಾಲ ಪೇಪರ್ ಓದಿಸಿ ಕೇಳಿದೆ ನೋಡು, ಖಾತ್ರಿ ಆಯ್ತು. ಎಂಟು ಫೂಟಂತ!” ಅವಳು ಗಲ್ಲಕ್ಕೆ ಕೈ ಹಚ್ಚಿದಳು. “ಆ ಎರಡು ಆಡು ಯಾರವು, ನಿನಗ ಗೊತ್ತೇನು? ಭಾಳ ಕೆಟ್ಟ ಅನಸಾಕತ್ತದ.”

ನಾನು ಚೊಂಗೆ ತಿಂದು ಎದ್ದೆ. ಇವಳ ಮಾತು ಬಸ್ಸು ಹತ್ತಿ, ಸೇಡಂನಲ್ಲಿ ಚಹಾ ಕುಡಿದು, ಗುಲ್ಬರ್ಗ ಸುತ್ತಿ, ಇವಳ ಮನೆಗೇ ಬಂದಿತ್ತು. ಹೋಗುವಾಗ ಅದು ಹಳದಿದು ಏನೋ, ಬರುವಾಗ ಎಂಟು ಫೂಟಿನ ಹುಲಿ. ತನ್ನ ಮಾತನ್ನೇ ಕೇಳಿ ಮುದುಕಿ ಖಾತ್ರಿ ಮಾಡಿಕೊಂಡಿದ್ದಳು. ಹಾಗಾದರೆ ನಿಜವಾಗಿ ಅಲ್ಲಿದ್ದದ್ದು ಏನು ಅಂತ ಯೋಚಿಸುತ್ತ ನಡೆದೇ ಹೊರಟೆ. ಹೆದರಿಕೆ ಪೂರ್ತಿ ಹೋಗಿರಲಿಲ್ಲ, ಹೋರಿಯಾದರೂ ಹಾಯುತ್ತದಲ್ಲ.

ಹಳ್ಳದ ದಂಡೆಯ ಬೇವಿನ ಮರದ ಕೆಳಗೆ ಶೌಕತ ಅಲಿ ಸಾಹೇಬರು ಬಂದೂಕು ಹಿಡಿದು ನಿಂತಿದ್ದರು. ನಿಜಾಮರ ಕಾಲದಲ್ಲಿ ಶಿಕಾರಿ ಮಾಡಿದವರಂತೆ. ಈಚೆಗೆ ಅವರು ಹೊಡೆದದ್ದು ಏನೂ ನನಗೆ ನೆನಪಿಲ್ಲ. ಸೈಕಲ್ಲು ಮರಕ್ಕೆ ಒರಗಿಸಿದ್ದರು.

“ಅಲ್ಲೇ ನಿಂದ್ರು ಬೇಟಿ, ಹೆಜ್ಜಿ ತುಳೀಬ್ಯಾಡ!” ಅಂದರು. “ಇಲ್ಲಿ ನೋಡು. ಬರೀ ಹಿಂಗಾಲಿನ ಹೆಜ್ಜಿ. ಮುಂಗಾಲು ಊರೇ ಇಲ್ಲ. ಅಂದ್ರ ಮುಂಗಾಲಿಗೆ ಗಾಯ ಆಗ್ಯಾದ. ಗಾಯ ಆದ ಹುಲಿ ಭಾಳ ಖತರನಾಕ್.”

ಕರಿಮಣ್ಣಲ್ಲಿ ಹೆಜ್ಜೆ ಅಚ್ಚೊತ್ತಿದಂತೆ ಒಣಗಿದ್ದವು. ಐದು ಬೆರಳು. ಎಡಗಾಲಿನ ಕಿರುಬೆರಳು ಉಳಿದವರ ಜೊತೆ ಜಗಳವಾಡಿದಂತೆ ದೂರ ನಿಂತಿತ್ತು. ಆ ಬೆರಳನ್ನು ನಾನು ಮದುವೆಯ ದಿನದಿಂದ ನೋಡುತ್ತಿದ್ದೇನೆ. ಅದು ಇಲ್ಲಿ ಹೇಗೆ ಬಂತು ಅಂತ ಯೋಚಿಸುತ್ತಿರುವಾಗ ಸಾಹೇಬರು ಕಡ್ಡಿಪೆಟ್ಟಿಗೆ ತೆರೆದು ತೋರಿಸಿದರು. “ಜಾಲಿಮುಳ್ಳಾಗ ಸಿಕ್ಕಿತ್ತು. ಹುಲಿ ಕೂದಲು. ತುದಿಗಿ ಕೆಂಪು ನೋಡು, ರಕ್ತ.”

ಅದು ಸೆಣಬು. ತುದಿಗೆ ನಾನೇ ಸುತ್ತಿದ್ದ ಕೆಂಪು ದಾರ.

ನಾನು ಅಲ್ಲೇ ಕುಕ್ಕರುಗಾಲಲ್ಲಿ ಕುಳಿತು ಹೊಟ್ಟೆ ಹಿಡಿದುಕೊಂಡು ನಕ್ಕೆ. ಕಣ್ಣಲ್ಲಿ ನೀರು ಬರುವ ತನಕ ನಕ್ಕೆ. ಆಮೇಲೆ ಎದ್ದು, “ಸಾಹೇಬ್ರ, ಇದು ನಮ್ಮವರ ಬಾಲರೀ. ಸೈಕಲ್ ಅಂಗಡಿಯವರು. ಹರಕಿ ಹುಲಿ” ಅಂದೆ.

ಸಾಹೇಬರು ನಗಲಿಲ್ಲ. ಜೇಬಿನಿಂದ ಅಂದಿನ ಪೇಪರಿನ ತುಂಡು ತೆಗೆದು ಓದಿದರು: “‘ಪ್ರಸಿದ್ಧ ಶಿಕಾರಿ ಶೌಕತ ಅಲಿ ಅವರು ಹುಲಿ ಇರುವುದನ್ನು ದೃಢಪಡಿಸಿದ್ದಾರೆ.’ ಓದಿದ್ಯಾ?”

“ನಿಮಗ ಹುಲಿ ಅದ ಅಂತ ಯಾರು ಹೇಳಿದ್ರು?”

“ಪೇಪರಿನಾಗ ಬಂದಿತ್ತಲ್ಲ.”

“ಪೇಪರಿನವರು ನಿಮ್ಮನ್ನ ಕೇಳಿ ಬರದಾರ, ನೀವು ಪೇಪರ್ ನೋಡಿ ಹೇಳೀರಿ!”

“ಅದೆಲ್ಲ ನನಗ ಗೊತ್ತಿಲ್ಲ. ಈಗ ನಾ ಅಲ್ಲ ಅಂದ್ರ ನನ್ನ ಇಜ್ಜತ್ ಏನಾಗಬೇಕು?” ಅವರು ಬಂದೂಕು ಹೆಗಲಿಗೇರಿಸಿದರು. “ನಾಳಿ ಸಂಜೀಕ ಇದೇ ಮರದ ಮ್ಯಾಲ ಕೂಡ್ತೀನಿ. ಹಳದಿದು ಏನು ಇಳದು ಬಂದ್ರೂ ಬಿಡಂಗಿಲ್ಲ.”

ನನ್ನ ನಗು ಅಲ್ಲಿಗೇ ನಿಂತಿತು. ನಾಳೆ ದಫನ್. ಮುಧೋಳಕ್ಕೆ ಹೋಗಲು ಈ ಹಳ್ಳ ಬಿಟ್ಟರೆ ಬೇರೆ ದಾರಿ ಇಲ್ಲ. ಇಲ್ಲದ ಹುಲಿಯ ಸಲುವಾಗಿ ಇರುವ ಬಂದೂಕು ಕಾಯುತ್ತಿತ್ತು.

ಮನೆಗೆ ಓಡಿ ಬಂದು ಬಾಗಿಲು ಬಡಿದು, ಎಲ್ಲ ಹೇಳಿದೆ. ಒಳಗೆ ನಮ್ಮವರ ಪಟ್ಟೆಗೆ ಎರಡನೇ ಸಲ ಕಪ್ಪು ಹಚ್ಚಲು ಬಂದಿದ್ದ ಚಾಂದ್ ಕೂಡ ಇದ್ದ. ಬಂದೂಕಿನ ಮಾತಿಗಿಂತ ಹುಲಿ ಸುಳ್ಳು ಅನ್ನುವ ಮಾತೇ ನಮ್ಮವರಿಗೆ ಹೆಚ್ಚು ನೋವು ಮಾಡಿತು.

“ನಾ ಹುಲಿ ಅಂತೀಯೇನು?”

“ಹೌದ್ರಿ. ಚಾಂದ್ ಭಾಯಿ ಬಳದಿದ್ದು ಮತ್ತೇನು?”

“ಹುಚ್ಚಿ. ಪೇಪರಿನಾಗ ಎಂಟು ಫೂಟು ಅಂತ ಬಂದದ. ನಾ ಐದೂವರಿ ಫೂಟು. ಅದು ಬ್ಯಾರೆ ಹುಲಿ.”

ಹೆಜ್ಜೆ ಹೇಳಿದೆ, ಕಿರುಬೆರಳು ಹೇಳಿದೆ, ದಾರ ಹೇಳಿದೆ. ಅಯ್ಯನವರ ಆಡಿನ ಮಾತೂ ಹೇಳಿದೆ. ತಲೆ ಅಲ್ಲಾಡಿಸಿದ್ದೇ ಅಲ್ಲಾಡಿಸಿದ್ದು. ಕೊನೆಗೆ ನನಗೆ ತಡೆಯಲಾಗಲಿಲ್ಲ. “ಚಾಂದ್ ಭಾಯಿ, ನಿಮ್ಮ ಬೋರ್ಡು ಅಳೆಯೋ ಪಟ್ಟಿ ತಗೀರಿ. ಬಾಲ ಸೇರಿಸಿ ಅಳೀರಿ ಇವರನ್ನ” ಅಂದೆ.

ಚಾಂದ್ ನಮ್ಮವರನ್ನು ಚಾಪೆ ಮೇಲೆ ಬೋರಲು ಮಲಗಿಸಿ ನೆತ್ತಿಯಿಂದ ಕಾಲಿನ ತನಕ ಅಳೆದ. ಐದೂವರೆ. ಬಾಲವನ್ನು ಕಾಲಿನಾಚೆ ನೆಟ್ಟಗೆ ಚಾಚಿ ಅಳೆದ. ನಾನು ಹೊಸದಾಗಿ ಉದ್ದ ಮಾಡಿದ್ದ ಬಾಲ ಕಾಲಿನಾಚೆ ಎರಡೂವರೆ ಫೂಟು ಹೋಗಿತ್ತು.

“ಎಂಟು!” ಅಂದ ಚಾಂದ್.

ನಮ್ಮವರು ಮಲಗಿದಲ್ಲಿಂದಲೇ ಕತ್ತು ತಿರುಗಿಸಿ ಪಟ್ಟಿ ನೋಡಿದರು. ಪೇಪರು ತರಿಸಿ ಮತ್ತೆ ನೋಡಿದರು. “ಎಂಟೇ ಅದ” ಅಂದರು ಮೆಲ್ಲಗೆ. “ಅಂದ್ರ ಪೇಪರಿನಾಗ ಬಂದಿದ್ದು ನಾನೇ ಹೌದು!” ಕಣ್ಣಲ್ಲಿ ನೀರು ಬಂದಿತ್ತು. ಆ ಎಂಟು ಅಯ್ಯನವರು ಚಹಾ ಊದುತ್ತ ಹುಟ್ಟಿಸಿದ್ದು, ಆರನೇ ದಿನ ಬಾಲ ಅಷ್ಟು ಉದ್ದ ಇರಲೇ ಇಲ್ಲ ಅಂತ ನನ್ನ ನಾಲಗೆ ತುದಿಗೆ ಬಂದಿತ್ತು. ನುಂಗಿಕೊಂಡೆ. ಮೊದಲು ಹರಕೆ ತೀರಲಿ, ಬುದ್ಧಿ ಆಮೇಲೆ ಹೇಳಿದರಾಯಿತು.

ಮರುದಿನ ಹೊತ್ತು ಇಳಿದಾಗ ಹೊರಟೆವು. ಹಲಗೆ ಬಾರಿಸುವವರನ್ನು ಮುಂದೆ ಮಾಡಿ, ಜೋರಾಗಿ ಬಾರಿಸಿರಿ ಅಂದಿದ್ದೆ. ಸತ್ತವರೂ ಏಳುವಷ್ಟು ಬಾರಿಸಿದರು. ಹಿಂದೆ ನಾನು, ಅತ್ತೆ, ಆಮೇಲೆ ಹುಲಿ. ಬಾಲ ಮತ್ತೆ ಜಾಲಿಗೆ ಸಿಗಬಾರದು ಅಂತ ಮಗಳು ಅದರ ತುದಿ ಎತ್ತಿ ಹಿಡಿದು ನಡೆಯುತ್ತಿದ್ದಳು. ಹಳ್ಳದ ದಂಡೆಗೆ ಬರುತ್ತಲೇ ಬೇವಿನ ಎಲೆಗಳ ನಡುವಿನಿಂದ ಬಂದೂಕಿನ ನಳಿಗೆ ಹೊರಗೆ ಬಂತು. ಹಲಗೆಯವರು ಹಲಗೆ ಬಿಟ್ಟು ಗಟಾರಕ್ಕೆ ಹಾರಿದರು. ನಾನು ಎರಡೂ ಕೈ ಚಾಚಿ ಹುಲಿಯ ಮುಂದೆ ನಿಂತೆ. ಹುಲಿ ನನಗಿಂತ ಒಂದು ಗೇಣು ಎತ್ತರ, ಏನು ಉಪಯೋಗ?

ಅಷ್ಟರಲ್ಲಿ ನನ್ನ ಬೆನ್ನ ಹಿಂದೆ ಹುಲಿ ಎರಡೂ ಪಂಜಾ ಮೇಲಕ್ಕೆತ್ತಿ ಚೀರಿತು: “ಸಾಹೇಬ್ರ! ನಾ ಭೀಮಶ್ಯಾರೀ! ಮೊನ್ನೆ ನಿಮ್ಮ ಹಿಂದಿನ ಗಾಲಿ ಪಂಕ್ಚರ್ ತಗದವ! ಟ್ಯೂಬ್ ಹಳೀದಾಗ್ಯಾದ, ಬದಲ ಮಾಡ್ರಿ ಅಂದಿದ್ನೆಲ್ರಿ!”

ಬಂದೂಕಿನ ನಳಿಗೆ ಮೆಲ್ಲಗೆ ಎಲೆಗಳ ಒಳಗೆ ಸರಿಯಿತು. ಆಮೇಲೆ ಸಾಹೇಬರ ದನಿ ಬಂತು. “ಮತ್ತ ಪಂಕ್ಚರ್ ಆಗ್ಯಾದ.”

ಕೆಳಗೆ ಇಳಿಯಲು ನಾವೇ ಕೈ ಕೊಟ್ಟೆವು. ಮುಖ ಸಣ್ಣದು ಮಾಡಿಕೊಂಡು ನಿಂತಿದ್ದರು, ನನಗೆ ಪಾಪ ಅನ್ನಿಸಿತು. “ಸಾಹೇಬ್ರ, ಬ್ಯಾರೆ ಹುಲಿ ಇದ್ರೂ ಇರಬಹುದು. ನೀವು ನಮ್ಮ ಜೋಡಿ ಬರ್ರಿ” ಅಂದೆ. ಅವರ ಬೆನ್ನು ನೆಟ್ಟಗಾ‌ಯಿತು. ಬಂದೂಕು ಹಿಡಿದು ಹುಲಿಯ ಕಾವಲಿಗೆ ಮುಧೋಳದ ತನಕ ನಡೆದರು. ನಮ್ಮವರು ಆ ಸಂಜೆ ಕುಣಿದ ಹಾಗೆ ನಾಲ್ಕು ವರ್ಷದಲ್ಲಿ ಒಮ್ಮೆಯೂ ಕುಣಿದಿರಲಿಲ್ಲ. ಪೀರಗಳು ದಫನ್ ಆದವು. ನಮ್ಮವರು ಸೀಮೆಎಣ್ಣೆ ಹಚ್ಚಿ ಬಣ್ಣ ತೊಳೆದುಕೊಂಡರು. ಅತ್ತೆ ಮಗಳನ್ನು ಎತ್ತಿ ಪೀರನ ಜಾಗದ ಬೂದಿ ಅವಳ ಹಣೆಗೆ ಹಚ್ಚಿದರು. ನನ್ನ ಎದೆ ಮೇಲಿನ ಐದು ವರ್ಷದ ಕಲ್ಲು ಅಂದು ಇಳಿಯಿತು.

ಎರಡು ದಿನ ಬಿಟ್ಟು ಪೇಪರು ಬಂತು. ನಮ್ಮವರು ಅಂಗಡಿಯಿಂದ ಓಡಿ ಬಂದು ಅಂಗಳದಲ್ಲೇ ನಿಂತು ಗಟ್ಟಿಯಾಗಿ ಓದಿದರು. “‘ಮುಧೋಳ ರಸ್ತೆಯ ನರಭಕ್ಷಕ ಹುಲಿ ಸೆರೆ! ದಿಟ್ಟ ಮಹಿಳೆಯೊಬ್ಬರು ಹುಲಿಯ ಬಾಲ ಹಿಡಿದು ಊರಿನ ತನಕ ಎಳೆದೊಯ್ದಿರುವುದಾಗಿ ತಿಳಿದುಬಂದಿದೆ.’ ಎಂಥಾ ಧೈರ್ಯದಾಕಿ ನೋಡು ನೀಲಾ! ಯಾವೂರಾಕಿ ಇರಬೇಕು?”

ನಾನು ಅವರನ್ನು ಬರೀ ನೋಡಿದೆ. ಅವರ ಕಿವಿಯ ಹಿಂದೆ ಇನ್ನೂ ಹಳದಿ ಹಾಗೇ ಉಳಿದಿತ್ತು. ಅವರು ಪೇಪರು ನೋಡಿದರು, ನನ್ನನ್ನು ನೋಡಿದರು, ಮತ್ತೆ ಪೇಪರು ನೋಡಿದರು. ತುಟಿ ಏನೋ ಲೆಕ್ಕ ಹಾಕುತ್ತಿತ್ತು. ಆಮೇಲೆ, ಮದುವೆಯಾದಾಗಿನಿಂದ ನಾನು ಅವರ ಬಾಯಲ್ಲಿ ಕೇಳದ ಮಾತು ಬಂತು.

“ಅಲ್ಲ... ಇದನ್ನ ಯಾರು ನೋಡ್ಯಾರಂತ?”

ಹೊಸ್ತಿಲ ಮೇಲೆ ಕುಳಿತು ರೊಟ್ಟಿ ತಿನ್ನುತ್ತಿದ್ದ ಮಗಳು ತಲೆ ಎತ್ತಿದಳು.

“ನಾ ನೋಡೀನಪ್ಪ. ಬಾಲ ಅವ್ವ ಹಿಡಿದಿಲ್ಲ. ನಾ ಹಿಡಿದಿದ್ದೆ.”